ವಿದೇಶಿ ಪೌರತ್ವ ಪಡೆದು ಊರಿಗೆ ಮರಳಿ ದುಡಿಯುವವರಿಗೆ: ಯಾವ ಕಾಗದ ಮೊದಲು, ಯಾವುದು ಆಮೇಲೆ

ಬೇರೆ ದೇಶದ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ದಿನವೇ ಭಾರತದ ಪೌರತ್ವ ಹೋಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಇದನ್ನೇ. ಅದಕ್ಕೆ ಯಾರೂ ಆದೇಶ ಹೊರಡಿಸಬೇಕಿಲ್ಲ, ನೀವು ಅರ್ಜಿ ಹಾಕಬೇಕಿಲ್ಲ. ಕೈಯಲ್ಲಿರುವ ಭಾರತದ ಪಾಸ್‌ಪೋರ್ಟಿಗೆ ಇನ್ನೂ ಆರು ವರ್ಷ ಅವಧಿ ಇರಬಹುದು, ಆಧಾರ್ ಇರಬಹುದು, ಮೂಡಿಗೆರೆಯ ತೋಟದ ಪಹಣಿಯಲ್ಲಿ ಹೆಸರೂ ಇರಬಹುದು. ಆದರೂ ಅವತ್ತಿನಿಂದ ಕಾನೂನಿನ ಪ್ರಕಾರ ನೀವು ವಿದೇಶಿಯರು. ಇಲ್ಲಿ ಇರಲು ಒಂದು ಕಾಗದ ಬೇಕು, ದುಡಿಯಲು ಅದಕ್ಕೆ ತಕ್ಕ ಕಾಗದವೇ ಬೇಕು.

ಹಾಸನ, ಚಿಕ್ಕಮಗಳೂರಿನ ಕಡೆಯವರು ಎಡವುವುದು ಹೆಚ್ಚಾಗಿ ಕ್ರಮದಲ್ಲಿ. ಅಪ್ಪನಿಗೆ ವಯಸ್ಸಾಯಿತು, ತೋಟ ನೋಡುವವರಿಲ್ಲ, ಬೆಂಗಳೂರಿನ ಕಂಪನಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿದೆ ಎಂದು ಅವಸರದಲ್ಲಿ ಹೊರಟುಬಿಡುತ್ತಾರೆ. ಇಲ್ಲಿ ಬಂದ ಮೇಲೆ ಪಾಸ್‌ಪೋರ್ಟ್ ಒಪ್ಪಿಸಿದ ಪ್ರಮಾಣಪತ್ರ ಇಲ್ಲ, ಅದಿಲ್ಲದೆ ಒಸಿಐ (ಭಾರತದ ಸಾಗರೋತ್ತರ ಪೌರ ಎಂಬ ಕಾರ್ಡ್) ಇಲ್ಲ, ಒಸಿಐ ಇಲ್ಲದೆ ಕೆಲಸ ಇಲ್ಲ ಎಂಬ ಸರಪಳಿಗೆ ಸಿಕ್ಕಿಕೊಳ್ಳುತ್ತಾರೆ. ಹೊರಡುವ ಮೊದಲೇ ಕ್ರಮ ಗೊತ್ತಿದ್ದರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ.

ಮೊದಲನೆಯದು: ಭಾರತದ ಪಾಸ್‌ಪೋರ್ಟ್ ಒಪ್ಪಿಸುವುದು

ಪ್ರಮಾಣವಚನದ ನಂತರ ಭಾರತದ ಪಾಸ್‌ಪೋರ್ಟನ್ನು ಒಂದು ಸಲವೂ ಬಳಸಬೇಡಿ. ಹೊಸ ದೇಶದ ಪಾಸ್‌ಪೋರ್ಟ್ ಬರಲು ಕೆಲವು ವಾರ ಹಿಡಿಯುತ್ತದೆ. ಅಮೆರಿಕದಲ್ಲಿ ಪ್ರಮಾಣವಚನದ ದಿನವೇ ಗ್ರೀನ್ ಕಾರ್ಡ್ ವಾಪಸ್ ಪಡೆಯುತ್ತಾರೆ. ಹೀಗಾಗಿ ನಡುವಿನ ಆ ದಿನಗಳಲ್ಲಿ ಪ್ರಯಾಣಕ್ಕೆ ಯಾವ ಕಾಗದವೂ ಇರುವುದಿಲ್ಲ. ಊರಿನಲ್ಲಿ ಮದುವೆ, ವೈಕುಂಠ ಸಮಾರಾಧನೆ, ಆಪರೇಷನ್ ಏನಾದರೂ ಬಂದರೆ ಹಳೆಯ ಪಾಸ್‌ಪೋರ್ಟಿನಲ್ಲಿ ಒಮ್ಮೆ ಹೋಗಿಬಂದರಾಯಿತು ಅನ್ನಿಸುತ್ತದೆ. ಅದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ. ಪೌರತ್ವ ಪಡೆದು 3 ತಿಂಗಳಾದ ಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಓಡಾಡಿದ್ದರೆ, ಅದನ್ನು ನವೀಕರಿಸಿಕೊಂಡಿದ್ದರೆ, 3 ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಒಪ್ಪಿಸುವಾಗ ದಂಡ ಬೀಳುತ್ತದೆ. ವಲಸೆ ಮುದ್ರೆಗಳು ಪಾಸ್‌ಪೋರ್ಟಿನಲ್ಲೇ ಇರುವುದರಿಂದ ಮುಚ್ಚಿಡಲು ಆಗುವುದಿಲ್ಲ. ತುರ್ತಿದ್ದರೆ ಪ್ರಮಾಣವಚನದ ದಿನಾಂಕವನ್ನೇ ಮುಂದೂಡಿ ಎಂದು ಕೇಳಿಕೊಳ್ಳುವುದು ಹೆಚ್ಚು ಕ್ಷೇಮ.

ಒಪ್ಪಿಸಲು ನೀವಿರುವ ದೇಶದಲ್ಲಿ ಭಾರತದ ದೂತಾವಾಸದ ಮೂಲಕ ಅರ್ಜಿ ಹಾಕಬಹುದು. ಭಾರತಕ್ಕೆ ಬಂದಾಗಿದ್ದರೆ ಪಾಸ್‌ಪೋರ್ಟ್ ಸೇವಾ ಪೋರ್ಟಲಿನಲ್ಲಿ ಸರೆಂಡರ್ ಸರ್ಟಿಫಿಕೇಟಿಗೆ ಅರ್ಜಿ ತುಂಬಬೇಕು. ನಮ್ಮ ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮೂಲ ಪಾಸ್‌ಪೋರ್ಟ್, ಹೊಸ ದೇಶದ ಪಾಸ್‌ಪೋರ್ಟ್, ಪೌರತ್ವ ಪ್ರಮಾಣಪತ್ರ ಈ ಮೂರೂ ಜೊತೆಯಲ್ಲಿರಲಿ. ಒಪ್ಪಿಸುವ ಮೊದಲು ಹಳೆಯ ಪಾಸ್‌ಪೋರ್ಟಿನ ಖಾಲಿ ಪುಟಗಳೂ ಸೇರಿ ಪ್ರತಿ ಪುಟವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ. ಎಷ್ಟು ದಿನ ಹೊರಗಿದ್ದಿರಿ ಎಂದು ಆದಾಯ ತೆರಿಗೆಯವರು ಕೇಳಿದಾಗ ಆ ಮುದ್ರೆಗಳೇ ಸಾಕ್ಷಿ.

ಹಳೆಯ ಪಾಸ್‌ಪೋರ್ಟ್ ಕಳೆದುಹೋಗಿದ್ದರೆ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್, ಆ ಪಾಸ್‌ಪೋರ್ಟಿನ ಯಾವುದಾದರೂ ಜೆರಾಕ್ಸ್ ಬೇಕಾಗುತ್ತದೆ. ತವರಿನ ಬೀರುವಿನಲ್ಲಿ ಒಂದು ಜೆರಾಕ್ಸ್ ಸಿಕ್ಕರೂ ಕೆಲಸ ಎಷ್ಟೋ ಹಗುರವಾಗುತ್ತದೆ.

ಹೆಸರಿನ ತೊಡಕು

ಇದಕ್ಕೊಂದು ಪ್ರತ್ಯೇಕ ಭಾಗ ಕೊಡಲೇಬೇಕು, ಏಕೆಂದರೆ ನಮ್ಮ ಕಡೆಯವರ ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಿ.ಆರ್. ಮಂಜುನಾಥ’ ಎಂದಿರುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಮಂಜುನಾಥ ಬೇಲೂರು ರಾಮೇಗೌಡ’ ಆಗಿರುತ್ತದೆ. ವಿದೇಶಿ ಪೌರತ್ವ ಪತ್ರದಲ್ಲಿ ‘ಮಂಜು ಗೌಡ’ ಎಂದು ಚಿಕ್ಕದಾಗಿರುತ್ತದೆ. ಪಹಣಿಯಲ್ಲಿ ಬರೀ ‘ಮಂಜುನಾಥ ಬಿನ್ ರಾಮೇಗೌಡ’. ನಾಲ್ಕೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಚೇರಿಯ ಕಂಪ್ಯೂಟರಿಗೆ ಗೊತ್ತಿಲ್ಲ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳಿಗೆ ಇದು ಇನ್ನೂ ಒಂದು ಸುತ್ತು ಹೆಚ್ಚು.

ಆದ್ದರಿಂದ ವಿದೇಶಿ ಪೌರತ್ವದ ಅರ್ಜಿ ತುಂಬುವಾಗಲೇ ಭಾರತದ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಕ್ಷರಶಃ ಉಳಿಸಿಕೊಳ್ಳಿ. ಈಗಾಗಲೇ ಬದಲಾಗಿದ್ದರೆ, ಹೆಸರು ಬದಲಾವಣೆಯ ನ್ಯಾಯಾಲಯದ ಆದೇಶ ಅಥವಾ ಮದುವೆ ಪ್ರಮಾಣಪತ್ರ ಇಟ್ಟುಕೊಳ್ಳಿ. ಅದು ವಿದೇಶದಲ್ಲಿ ಕೊಟ್ಟದ್ದಾದರೆ ಅಲ್ಲಿಯೇ ಅಪೋಸ್ಟಿಲ್ ಮುದ್ರೆ (ದಾಖಲೆ ಬೇರೆ ದೇಶದಲ್ಲೂ ನಡೆಯುವಂತೆ ಕೊಡುವ ಸರ್ಕಾರಿ ದೃಢೀಕರಣ) ಹಾಕಿಸಿ ತರಬೇಕು. ಕೆನಡಾದಲ್ಲಿ ಅಪೋಸ್ಟಿಲ್ ಒಪ್ಪಂದ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ, ಹಾಗಾಗಿ ಅಲ್ಲಿಯವರೂ ಈಗ ಇದೇ ದಾರಿ ಹಿಡಿಯಬಹುದು. ಇಲ್ಲಿಗೆ ಬಂದ ಮೇಲೆ ಅಪೋಸ್ಟಿಲ್ ಮಾಡಿಸಲು ಮೂಲ ಪತ್ರವನ್ನು ಮತ್ತೆ ಅಲ್ಲಿಗೇ ಕಳಿಸಬೇಕಾಗುತ್ತದೆ.

ಎರಡನೆಯದು: ಒಸಿಐ

ಭಾರತೀಯ ಮೂಲದವರು ಇಲ್ಲಿ ನೆಲೆಸಿ ದುಡಿಯಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಒಸಿಐ ಜೀವಮಾನದ ಬಹುಪ್ರವೇಶ ವೀಸಾ ಇದ್ದಂತೆ. ಎಷ್ಟು ದಿನ ಇದ್ದರೂ ವಿದೇಶಿಯರ ನೋಂದಣಿ ಬೇಕಿಲ್ಲ. ಖಾಸಗಿ ಉದ್ಯೋಗಕ್ಕೆ ಬೇರೆ ಪರವಾನಗಿ ಬೇಕಿಲ್ಲ, ಕೆಲಸ ಬದಲಿಸಿದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಇಮೇಲಿನಲ್ಲಿ ತಿಳಿಸಿದರೆ ಸಾಕು. ಆದರೆ ಇದು ಎರಡನೇ ಪೌರತ್ವ ಅಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೇಂದ್ರ ನಿರ್ದಿಷ್ಟವಾಗಿ ಅನುಮತಿಸಿದ ಹುದ್ದೆಗಳನ್ನು ಬಿಟ್ಟರೆ ಸರ್ಕಾರಿ ನೌಕರಿಯೂ ಇಲ್ಲ. ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ), ಸರ್ಕಾರಿ ವೈದ್ಯಕೀಯ ಕಾಲೇಜು, ಜಿಲ್ಲಾಸ್ಪತ್ರೆಯಂಥ ಕಡೆ ಹುದ್ದೆಯ ಜಾಹೀರಾತು ನೋಡಿ ಅರ್ಜಿ ಹಾಕುವವರು ಪೌರತ್ವದ ಷರತ್ತನ್ನು ಮೊದಲು ಓದಬೇಕು.

ಅರ್ಜಿ ಒಸಿಐ ಪೋರ್ಟಲಿನಲ್ಲಿ. ವಿದೇಶದಲ್ಲಿ ಹಾಕಿದರೆ ಶುಲ್ಕ 275 ಅಮೆರಿಕನ್ ಡಾಲರ್, ಭಾರತದಲ್ಲಿ ಹಾಕಿದರೆ 15,000 ರೂಪಾಯಿ. ಸರೆಂಡರ್ ಪ್ರಮಾಣಪತ್ರ, ರದ್ದಾದ ಭಾರತದ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್, ವಿಳಾಸದ ದಾಖಲೆ, ಚೌಕಾಕಾರದ ಫೋಟೊ, ಸಹಿ ಇಷ್ಟು ಬೇಕು. ಸಹಿಯ ಚಿತ್ರ ಅಗಲ ಮೂರು ಪಾಲು, ಎತ್ತರ ಒಂದು ಪಾಲು ಇರಬೇಕು. ಮೊಬೈಲಿನಲ್ಲಿ ಹೊಡೆದ ಚಿತ್ರವನ್ನು ಹಾಗೆಯೇ ಹಾಕಿದರೆ ಪೋರ್ಟಲ್ ತಿರಸ್ಕರಿಸುತ್ತದೆ.

ಅರ್ಜಿಯನ್ನು ವಿದೇಶದಲ್ಲಿರುವಾಗಲೇ ಹಾಕಿ, ಕಾರ್ಡ್ ಕೈಗೆ ಬಂದ ಮೇಲೆ ಹೊರಡಿ ಎಂಬುದೇ ನಮ್ಮ ಗಟ್ಟಿ ಸಲಹೆ. ಪ್ರವಾಸಿ ವೀಸಾದಲ್ಲಿ ಬಂದು ಇಲ್ಲೇ ಒಸಿಐ ಮಾಡಿಸಿಕೊಳ್ಳೋಣ ಎಂಬ ಲೆಕ್ಕಾಚಾರ ಬೇಡ. ಇಲ್ಲಿ ಅರ್ಜಿ ಹಾಕುವವರು ದೀರ್ಘಾವಧಿ ವೀಸಾದಲ್ಲಿ ಇಲ್ಲಿನ ನಿವಾಸಿಗಳಾಗಿರಬೇಕು. ಕಡತ ಹೋಗುವುದು ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಎಫ್‌ಆರ್‌ಆರ್‌ಒಗೆ.

ಗಂಡ ಅಥವಾ ಹೆಂಡತಿ ಭಾರತೀಯ ಮೂಲದವರಲ್ಲದಿದ್ದರೆ, ಮದುವೆ ನೋಂದಣಿಯಾಗಿ ಎರಡು ವರ್ಷ ನಿರಂತರವಾಗಿ ನಡೆದುಬಂದ ಮೇಲಷ್ಟೇ ಅವರಿಗೆ ಒಸಿಐ. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರತ್ವದ ನಂಟು ಅರ್ಜಿದಾರರಿಗೆ, ಅವರ ತಂದೆ ತಾಯಿಗೆ, ಅಜ್ಜ ಅಜ್ಜಿಗೆ ಅಥವಾ ಮುತ್ತಜ್ಜನ ತಲೆಮಾರಿಗೆ ಇದ್ದರೆ ಒಸಿಐ ಸಿಗುವುದಿಲ್ಲ.

ಕಾರ್ಡ್ ಬಂದ ಮೇಲೂ ಒಂದು ಕೆಲಸ ಇದೆ, ಹಲವರು ಮರೆಯುತ್ತಾರೆ. 20 ವರ್ಷ ತುಂಬುವ ತನಕ ಪ್ರತಿ ಸಲ ಹೊಸ ಪಾಸ್‌ಪೋರ್ಟ್ ಬಂದಾಗಲೂ ಅದರ ಪ್ರತಿ ಮತ್ತು ಹೊಸ ಫೋಟೊ ಪೋರ್ಟಲಿಗೆ ಹಾಕಬೇಕು. 20ಕ್ಕೆ ಮೊದಲೇ ಕಾರ್ಡ್ ಪಡೆದವರು 20 ದಾಟಿದ ಮೇಲೆ ಮೊದಲ ಪಾಸ್‌ಪೋರ್ಟಿಗೆ ಒಮ್ಮೆ ಹೊಸ ಕಾರ್ಡನ್ನೇ ಮಾಡಿಸಬೇಕು. 50 ತುಂಬಿದ ಮೇಲೆ ಮತ್ತೊಮ್ಮೆ ಪಾಸ್‌ಪೋರ್ಟ್, ಫೋಟೊ ಹಾಕಿದರಾಯಿತು. ಹಾಕಲು 3 ತಿಂಗಳ ಗಡುವು ಇದೆ, ಶುಲ್ಕವಿಲ್ಲ.

ಒಸಿಐ ಇದ್ದರೂ ವಿಶೇಷ ಅನುಮತಿ ಬೇಕಾದ ಕೆಲಸಗಳನ್ನು 2021ರ ಮಾರ್ಚ್ 4ರ ಅಧಿಸೂಚನೆ ಪಟ್ಟಿ ಮಾಡಿದೆ: ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣ, ವಿದೇಶಿ ದೂತಾವಾಸಗಳಲ್ಲಿ ಇಂಟರ್ನ್‌ಶಿಪ್, ನಿರ್ಬಂಧಿತ ಪ್ರದೇಶಗಳ ಭೇಟಿ. ಬೇಲೂರು, ಹಳೇಬೀಡಿನ ಶಿಲ್ಪಗಳ ಮೇಲೋ ಪಶ್ಚಿಮಘಟ್ಟದ ಕಪ್ಪೆಗಳ ಮೇಲೋ ಅಧ್ಯಯನ ಮಾಡಲು ಬರುವವರು ‘ನನಗೆ ಒಸಿಐ ಇದೆ’ ಎಂದು ನೇರ ಕ್ಷೇತ್ರಕಾರ್ಯಕ್ಕೆ ಇಳಿಯಬಾರದು. ಎಫ್‌ಆರ್‌ಆರ್‌ಒ ಅಥವಾ ಭಾರತದ ದೂತಾವಾಸದಿಂದ ಅನುಮತಿ ಪತ್ರ ಪಡೆದೇ ಶುರುಮಾಡಬೇಕು. ಇನ್ನೊಂದು ಮಾತು: 2025ರ ಆಗಸ್ಟಿನ ಅಧಿಸೂಚನೆಯಂತೆ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದರೂ ಸಾಕು, ಒಸಿಐ ರದ್ದಾಗಬಹುದು. ಜಮೀನು ತಕರಾರಿನ ಕ್ರಿಮಿನಲ್ ಕೇಸುಗಳನ್ನು ಹಗುರವಾಗಿ ನೋಡಬೇಡಿ.

ಒಸಿಐ ಬರುವ ಮುನ್ನ ಬರಲೇಬೇಕಾದರೆ

ಅಮ್ಮನ ಆರೋಗ್ಯ ಕೆಟ್ಟಿದೆ, ಕಾಯಲು ಆಗುವುದಿಲ್ಲ ಎಂಬ ಸಂದರ್ಭ ಬಂದೇ ಬರುತ್ತದೆ. ಬಂಧುಗಳನ್ನು ನೋಡಲು ಇ-ವೀಸಾ ಸಾಕು. ಆದರೆ ಅದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಇಲ್ಲಿ ಕೂತು ಅದನ್ನು ಉದ್ಯೋಗ ವೀಸಾ ಆಗಿ ಬದಲಿಸಿಕೊಳ್ಳಲೂ ಆಗುವುದಿಲ್ಲ. ತಿಂಗಳುಗಟ್ಟಲೆ ಇರುವುದಿದ್ದರೆ ಭಾರತೀಯ ಮೂಲದವರಿಗೆ, ಅವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ ತೆಗೆದುಕೊಳ್ಳಿ. ಇದರಲ್ಲೂ ದುಡಿಯುವಂತಿಲ್ಲ, ಆದರೆ ಇದರ ಮೇಲೆ ಇದ್ದುಕೊಂಡು ಒಸಿಐಗೆ ಅರ್ಜಿ ಹಾಕುವ ದಾರಿ ತೆರೆದಿರುತ್ತದೆ.

180 ದಿನಕ್ಕಿಂತ ಹೆಚ್ಚು ಅವಧಿಯ ವೀಸಾದಲ್ಲಿ ನೋಂದಣಿಯ ಷರತ್ತು ಇದ್ದರೆ, ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ. ಪರಿಶೀಲನೆಗೆ ಪೇದೆ ಮನೆಗೇ ಬರುತ್ತಾರೆ.

ಇಲ್ಲಿ ವಿಳಾಸದ ದಾಖಲೆಯೇ ದೊಡ್ಡ ತಲೆನೋವು. ಹಾಸನ ಜಿಲ್ಲೆಯಲ್ಲಿ ಚೆಸ್ಕಾಂ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೆಸ್ಕಾಂ ಕರೆಂಟ್ ಬಿಲ್ ಕೊಡುತ್ತದೆ. ಆದರೆ ಹಳ್ಳಿಯ ಮನೆಯ ಬಿಲ್ಲು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುತ್ತದೆ, ತೋಟದ ಮನೆಯದಂತೂ ಪಂಪ್‌ಸೆಟ್ಟಿನ ಮೀಟರ್ ಆಗಿರುತ್ತದೆ. ಆಗ ಮಾಡಬೇಕಾದದ್ದು ಹೀಗೆ. ಈಗ ಮನೆಯ ಯಜಮಾನರು ಯಾರೋ ಅವರಿಂದ, ಸಾಮಾನ್ಯವಾಗಿ ಅಪ್ಪನಿಂದಲೋ ಅಣ್ಣನಿಂದಲೋ, ‘ಇವರು ನಮ್ಮ ಮನೆಯಲ್ಲಿ ಇಂಥ ದಿನದಿಂದ ವಾಸವಿದ್ದಾರೆ’ ಎಂಬ ಪತ್ರ ಬರೆಸಿ ನೋಟರಿ ಮಾಡಿಸಿ. ಅವರ ಆಧಾರ್, ಗ್ರಾಮ ಪಂಚಾಯಿತಿಯ ಮನೆ ಕಂದಾಯದ ರಸೀದಿ ಲಗತ್ತಿಸಿ. ಅಜ್ಜನ ಹೆಸರಿನ ಬಿಲ್ಲನ್ನೂ ಸೇರಿಸಿ, ಸಂಬಂಧವನ್ನು ಪತ್ರದಲ್ಲೇ ಬರೆಯಿರಿ. ಜೊತೆಗೆ ಮನೆಯವರು ಸಿ ಫಾರಂ ಸಲ್ಲಿಸಿ ಅದರ ಪ್ರಿಂಟ್ ಕೊಡಲಿ. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಸಿ ಫಾರಂ ತುಂಬುವುದು ಹೋಟೆಲು, ಹೋಮ್‌ಸ್ಟೇಗಳಿಗೆ ಮಾತ್ರ ಎಂದು ಹೆಚ್ಚಿನವರು ತಿಳಿದಿದ್ದಾರೆ. ಖಾಸಗಿ ಮನೆಗೂ ಅದು ಅನ್ವಯಿಸುತ್ತದೆ.

ವಿಳಾಸವನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ: ಊರು, ಅಂಚೆ, ಹೋಬಳಿ, ತಾಲ್ಲೂಕು, ಪಿನ್‌ಕೋಡ್. ಒಂದು ಕಡೆ ಎಸ್ಟೇಟಿನ ಹೆಸರು, ಇನ್ನೊಂದು ಕಡೆ ಊರಿನ ಹೆಸರು ಬರೆದರೆ ಪೇದೆ ಬೇರೆ ಗೇಟಿಗೆ ಹೋಗಿ ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದುಕೊಂಡು ವಾಪಸಾಗುತ್ತಾರೆ. ಪರಿಶೀಲನೆಯ ಹೊತ್ತಿಗೆ ನೆಟ್‌ವರ್ಕ್ ಸಿಗುವ ಫೋನ್ ನಂಬರನ್ನೇ ಕೊಡಿ, ತೋಟದ ರೈಟರಿಗೂ ಗೇಟಿನವರಿಗೂ ಮೊದಲೇ ಹೇಳಿಡಿ.

ವೀಸಾ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ, ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಸಜೆ, 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಪ್ರವೇಶಿಸಿದರೆ ಅದು 5 ವರ್ಷ, 5 ಲಕ್ಷದವರೆಗೆ ಹೋಗುತ್ತದೆ. ಪೌರತ್ವ ಬದಲಾದ ಮೇಲೆ ಹಳೆಯ ಭಾರತದ ಪಾಸ್‌ಪೋರ್ಟಿನಲ್ಲಿ ಬಂದು ಇಳಿದವರು ಇನ್ನೊಂದು ದಿನ ತಡ ಮಾಡದೆ ವಕೀಲರೊಂದಿಗೆ ಎಫ್‌ಆರ್‌ಆರ್‌ಒ ಮುಂದೆ ತಾವಾಗಿ ಹೋಗುವುದೇ ಸರಿ. ವಿಮಾನ ನಿಲ್ದಾಣದಲ್ಲಿ ಅವರಾಗಿ ಹಿಡಿಯುವುದಕ್ಕೂ ನೀವಾಗಿ ಹೋಗಿ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಒಸಿಐ ಸಿಗದವರಿಗೆ ಉದ್ಯೋಗ ವೀಸಾ

ಒಸಿಐ ಇದ್ದವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಉದ್ಯೋಗ ವೀಸಾಗೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ವಿದೇಶಿ ಅಡುಗೆಯಲ್ಲಿ ಪರಿಣತರಾದ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಸ್ವಂತ ದೇಶದಿಂದಲೇ ತೆಗೆದುಕೊಂಡು ಬರಬೇಕು. ಅದು ಒಂದು ಕಂಪನಿಗೆ ಅಂಟಿಕೊಂಡ ವೀಸಾ, ಕೆಲಸ ಬಿಟ್ಟು ಪಕ್ಕದ ಕಂಪನಿಗೆ ಸೇರಿದರೆ ಅದು ಜೊತೆಗೆ ಬರುವುದಿಲ್ಲ.

ಮೂರನೆಯದು: ಕೆಲಸದ ಕಡತದಲ್ಲಿ ಬದಲಾವಣೆ

ಭಾರತೀಯರಾಗಿ ಸೇರಿದ ಕಂಪನಿಯಲ್ಲೇ ಮುಂದುವರಿಯುತ್ತಿದ್ದರೂ ಪೌರತ್ವ ಬದಲಾದದ್ದನ್ನು ಎಚ್‌ಆರ್‌ಗೆ ಬರಹದಲ್ಲಿ ತಿಳಿಸಿ, ಒಸಿಐ ಮತ್ತು ಪಾಸ್‌ಪೋರ್ಟ್ ಪ್ರತಿ ಕೊಡಿ. ಮುಚ್ಚಿಟ್ಟರೆ ಮೊದಲು ಬಿರುಕು ಬಿಡುವುದು ಪಿಎಫ್‌ನಲ್ಲಿ.

1952ರ ಇಪಿಎಫ್ ಯೋಜನೆಯ 83ನೇ ಪ್ಯಾರಾದ ಪ್ರಕಾರ ವಿದೇಶಿ ಪಾಸ್‌ಪೋರ್ಟ್ ಉಳ್ಳವರು ಇಲ್ಲಿ ಕೆಲಸ ಮಾಡಿದರೆ ‘ಅಂತರರಾಷ್ಟ್ರೀಯ ಕಾರ್ಮಿಕರು’, ಒಸಿಐ ಇದ್ದರೂ ಸರಿ. ಭಾರತೀಯ ನೌಕರರಿಗೆ 15,000 ರೂಪಾಯಿ ಮಿತಿಯ ಮೇಲೆ ಶೇ 12, ಅಂದರೆ ತಿಂಗಳಿಗೆ 1,800 ಕಡಿತ ಮಾಡಿದರೂ ಸಾಕು. ಇವರಿಗೆ ಆ ಮಿತಿ ಇಲ್ಲ. ಪಿಎಫ್ ಲೆಕ್ಕದ ವೇತನ 80,000 ಇದ್ದರೆ ನಿಮ್ಮಿಂದ 9,600, ಕಂಪನಿಯಿಂದ 9,600. ಹಣ ತೆಗೆಯುವುದೂ ಸಾಮಾನ್ಯವಾಗಿ 58ರ ನಂತರವೇ. ಭಾರತದೊಂದಿಗೆ ಸಾಮಾಜಿಕ ಭದ್ರತಾ ಒಪ್ಪಂದ ಇರುವ ಕೆನಡಾ, ಆಸ್ಟ್ರೇಲಿಯಾ, ಜರ್ಮನಿಯಂಥ ದೇಶಗಳವರಿಗೆ ಸಡಿಲಿಕೆ ಇದೆ. ಅಮೆರಿಕದೊಂದಿಗೆ ಅಂಥ ಒಪ್ಪಂದ ಇಲ್ಲ.

ಈ ಪ್ಯಾರಾ ಅಸಾಂವಿಧಾನಿಕ ಎಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 25ರಂದು ತೀರ್ಪು ಕೊಟ್ಟಿತು. ದೆಹಲಿ ಹೈಕೋರ್ಟ್ 2025ರ ನವೆಂಬರಿನಲ್ಲಿ ಅದೇ ಪ್ಯಾರಾ ಸಿಂಧು ಎಂದಿತು. ಎರಡು ತೀರ್ಪು ಎರಡು ದಿಕ್ಕಿಗೆ ಇರುವುದರಿಂದ ಕಂಪನಿಗಳು ಒಂದೊಂದು ಒಂದೊಂದು ರೀತಿ ನಡೆದುಕೊಳ್ಳುತ್ತವೆ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ, ಏಕೆಂದರೆ ಕೈಗೆ ಬರುವ ಸಂಬಳ ಇದರಿಂದ ಸಾವಿರಗಟ್ಟಲೆ ಬದಲಾಗುತ್ತದೆ.

ವಿದೇಶದ ಕಂಪನಿಗೇ ಚಿಕ್ಕಮಗಳೂರಿನ ಮನೆಯಿಂದ ಕೆಲಸ ಮಾಡುವವರಿಗೆ ಪಿಎಫ್ ಗೊಡವೆ ಇಲ್ಲ, ತೆರಿಗೆಯ ಗೊಡವೆ ಇದೆ. ಆದಾಯ ತೆರಿಗೆ ನೋಡುವುದು ಇಲ್ಲಿದ್ದ ದಿನಗಳನ್ನು, ಪೌರತ್ವವನ್ನಲ್ಲ. ಆರ್ಥಿಕ ವರ್ಷದಲ್ಲಿ 182 ದಿನ ಇದ್ದರೆ ನಿವಾಸಿ. ಬಹುಕಾಲ ಹೊರಗಿದ್ದು ಬಂದವರಿಗೆ ಮೊದಲ ಒಂದೆರಡು ವರ್ಷ ‘ನಿವಾಸಿ ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಸ್ಥಾನ ಸಿಗುತ್ತದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಮೀರದೆ ಇಲ್ಲಿದ್ದರೆ ಅದಕ್ಕೆ ಅರ್ಹರು. ಆಗ ಹೊರದೇಶದ ಬಡ್ಡಿ, ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಇಲ್ಲಿ ಕೂತು ಮಾಡಿದ ಕೆಲಸದ ಸಂಬಳ ಡಾಲರಿನಲ್ಲಿ ಬಂದರೂ ಇಲ್ಲಿನ ಆದಾಯವೇ. ಮೂಲದಲ್ಲಿ ಕಡಿತ ಮಾಡುವವರು ಯಾರೂ ಇಲ್ಲದ್ದರಿಂದ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15 ಈ ನಾಲ್ಕು ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ. ಅಮೆರಿಕದ ಪೌರರು ಎಲ್ಲಿದ್ದರೂ ಅಲ್ಲಿನ ರಿಟರ್ನ್ ಸಲ್ಲಿಸಲೇಬೇಕು. ಇಲ್ಲಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವ ದಿನವಾದರೂ 10,000 ಡಾಲರ್ ದಾಟಿದರೆ ಅದರ ವರದಿಯನ್ನೂ ಕೊಡಬೇಕು.

ಪ್ಯಾನ್, ಆಧಾರ್, ಮತದಾರರ ಪಟ್ಟಿ

ಪ್ಯಾನ್ ಹಾಗೆಯೇ ಉಳಿಯುತ್ತದೆ, ಹೊಸದು ಮಾಡಿಸಬಾರದು. ಪೌರರಲ್ಲದವರಿಗೆ ಪ್ಯಾನ್–ಆಧಾರ್ ಜೋಡಣೆಯಿಂದ ವಿನಾಯಿತಿ ಇದೆ. ಆದರೆ ಇಲಾಖೆಯ ದಾಖಲೆಯಲ್ಲಿ ನೀವು ಇನ್ನೂ ಭಾರತೀಯರೆಂದೇ ಇದ್ದರೆ ಪ್ಯಾನ್ ನಿಷ್ಕ್ರಿಯ ಎಂದು ತೋರಿಸಿ ಹೆಚ್ಚಿನ ದರದಲ್ಲಿ ಕಡಿತ ಆಗುತ್ತದೆ, ಮರುಪಾವತಿ ನಿಲ್ಲುತ್ತದೆ. ಪಾಸ್‌ಪೋರ್ಟ್, ಒಸಿಐ ಪ್ರತಿಯೊಂದಿಗೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಬರೆದು ಸ್ಥಾನಮಾನ ತಿದ್ದಿಸಿಕೊಳ್ಳಿ.

ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದ ಒಸಿಐದಾರರು ಆಧಾರ್ ಪಡೆಯಬಹುದು. ಅವರ ಕಾರ್ಡಿಗೆ 10 ವರ್ಷದ ಅವಧಿ. ಮತದಾರರ ಪಟ್ಟಿಯಿಂದ ಹೆಸರನ್ನು ಫಾರಂ 7 ತುಂಬಿ ತೆಗೆಸಿ. ಊರಿನಲ್ಲಿ ಚುನಾವಣೆ ದಿನ ‘ಹೆಸರಿದೆ, ಬನ್ನಿ’ ಎಂದು ಕರೆಯುವವರು ಇದ್ದೇ ಇರುತ್ತಾರೆ. ಹೋಗಿ ಮತ ಹಾಕಿದರೆ ಒಸಿಐಗೇ ಕುತ್ತು. ಪಡಿತರ ಚೀಟಿಯಿಂದಲೂ ಹೆಸರು ತೆಗೆಸಿ.

ತೋಟದ ವಿಷಯ

ನಮ್ಮ ಎರಡು ಜಿಲ್ಲೆಗಳಿಗೆ ಇದು ವೀಸಾಕ್ಕಿಂತ ದೊಡ್ಡ ಪ್ರಶ್ನೆ. ಒಸಿಐದಾರರು ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಹೊರದೇಶದಲ್ಲಿ ವಾಸವಿರುವವರು ಅದನ್ನು ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿಗಳಿಗೂ ಇದೇ ಕಟ್ಟು. ಆದರೆ ಪಿತ್ರಾರ್ಜಿತವಾಗಿ, ಉಯಿಲಿನಿಂದಾಗಲಿ ವಾರಸುದಾರಿಕೆಯಿಂದಾಗಲಿ ಬಂದ ಕಾಫಿ ತೋಟವನ್ನು ಇಟ್ಟುಕೊಳ್ಳಬಹುದು. ಇಲ್ಲಿನ ನಿವಾಸಿಯಾಗಿದ್ದಾಗಲೇ ನಿಮ್ಮ ಹೆಸರಿಗಿದ್ದ ತೋಟವೂ ನಿಮ್ಮದೇ. ಮಾರುವುದಾದರೆ ಭಾರತದಲ್ಲಿ ವಾಸವಿರುವವರಿಗೆ ಮಾರಬೇಕು.

ಇದರ ಅರ್ಥ ಬಹಳ ಸರಳ. ಅಪ್ಪ ಬದುಕಿರುವಾಗಲೇ ‘ಮಗನ ಹೆಸರಿಗೆ ಮಾಡಿಬಿಡೋಣ’ ಎಂದು ವಿದೇಶದಲ್ಲಿರುವ ಮಗನಿಗೆ ದಾನಪತ್ರ ಬರೆಸುವುದು ತಪ್ಪು ದಾರಿ, ನೋಂದಾಯಿತ ಉಯಿಲು ಸರಿಯಾದ ದಾರಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾನಪತ್ರ ನೋಂದಣಿಯಾಗಿಬಿಟ್ಟರೂ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಉಲ್ಲಂಘನೆ ಹಾಗೆಯೇ ಉಳಿಯುತ್ತದೆ, ಮಾರುವ ದಿನ ಎದ್ದು ಬರುತ್ತದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ವಿಭಾಗ ಪತ್ರ ಮಾಡುವುದಿದ್ದರೆ ಹಕ್ಕು ಹುಟ್ಟಿನಿಂದ ಬಂದದ್ದು ಎಂಬುದು ಪತ್ರದ ಭಾಷೆಯಲ್ಲೇ ಸ್ಪಷ್ಟವಾಗಿರಬೇಕು. ಫೆಮಾ ತಿಳಿದ ವಕೀಲರಿಂದಲೇ ಬರೆಸಿ. ಅಣ್ಣತಮ್ಮಂದಿರ ತೋಟದ ಪಾಲುದಾರಿಕೆ ಸಂಸ್ಥೆಗೆ ಹೊರದೇಶದಲ್ಲಿದ್ದುಕೊಂಡು ಬಂಡವಾಳ ಹಾಕಿ ಸೇರುವುದೂ ಆಗದು. ಒಸಿಐದಾರರ ಅಂಥ ಹೂಡಿಕೆಯಿಂದ ಕೃಷಿ, ಪ್ಲಾಂಟೇಶನ್ ಚಟುವಟಿಕೆಯನ್ನು ಹೊರಗಿಡಲಾಗಿದೆ.

ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ ಬೇಕು. ಆಕ್ಷೇಪಣೆಗೆ 30 ದಿನದ ನೋಟಿಸ್ ಮುಗಿದು ತಕರಾರು ಇಲ್ಲದಿದ್ದರೆ ಖಾತೆ ಬದಲಾಗುತ್ತದೆ. ಹೊರದೇಶದಲ್ಲಿರುವ ಅಕ್ಕತಂಗಿಯರ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟು ಮಾಡಿಸುವ ಚಾಳಿ ಇದೆ. ಮುಂದೆ ತೋಟ ಮಾರುವಾಗ ಕೊಳ್ಳುವವರ ವಕೀಲರು ಅಲ್ಲಿಯೇ ನಿಲ್ಲಿಸುತ್ತಾರೆ. ಆಧಾರ್ ಇಲ್ಲದ ವಾರಸುದಾರರು ಪಾಸ್‌ಪೋರ್ಟ್, ಒಸಿಐ, ಪ್ಯಾನ್ ಪ್ರತಿಗಳನ್ನು ಲಿಖಿತ ಮನವಿಯೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ವಿದೇಶದಿಂದ ಕಳಿಸುವ ಅಧಿಕಾರ ಪತ್ರಕ್ಕೆ ದೂತಾವಾಸದ ದೃಢೀಕರಣ ಅಥವಾ ಅಪೋಸ್ಟಿಲ್ ಇರಲಿ. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯ ಬಳಿ ಮುದ್ರಾಂಕ ಶುಲ್ಕ ಕಟ್ಟಬೇಕು. ಲಕೋಟೆ ಬಂದ ದಿನಾಂಕಕ್ಕೆ ಕೊರಿಯರ್ ರಸೀದಿಯೇ ಸಾಕ್ಷಿ, ಅದನ್ನು ಎಸೆಯಬೇಡಿ.

ಮಕ್ಕಳು, ಮತ್ತು ಮರಳಿ ಭಾರತದ ಪೌರತ್ವ

ತಂದೆ ತಾಯಿಯಲ್ಲಿ ಒಬ್ಬರು ಭಾರತದ ಪೌರರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ ಇಲ್ಲಿ ಹುಟ್ಟಿದ ಮಗು ಭಾರತದ ಪೌರ. ಇಬ್ಬರೂ ಒಸಿಐದಾರರಾದರೆ ಮಗು ಹಾಸನದ ಆಸ್ಪತ್ರೆಯಲ್ಲೇ ಹುಟ್ಟಿದರೂ ಭಾರತದ ಪೌರ ಅಲ್ಲ. ಜನನ ಪ್ರಮಾಣಪತ್ರ ಸಿಕ್ಕ ಕೂಡಲೇ ಆ ದೇಶದ ದೂತಾವಾಸದಲ್ಲಿ ಪಾಸ್‌ಪೋರ್ಟಿಗೆ, ನಂತರ ಎಫ್‌ಆರ್‌ಆರ್‌ಒದಲ್ಲಿ ವೀಸಾಗೆ, ಆಮೇಲೆ ಒಸಿಐಗೆ ಅರ್ಜಿ ಹಾಕಬೇಕು. ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಹೆಸರು ಅವರ ವಿದೇಶಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರಲಿ, ಆಸ್ಪತ್ರೆಯಲ್ಲಿ ಫಾರಂ ತುಂಬುವಾಗಲೇ ನೋಡಿಕೊಳ್ಳಿ.

ಕೊನೆಗೂ ಇಲ್ಲೇ ಇರುವುದೆಂದು ಗಟ್ಟಿಯಾದರೆ ಪೌರತ್ವ ಕಾಯ್ದೆಯ ಸೆಕ್ಷನ್ 5(1)(ಜಿ) ಅಡಿ ಮರಳಿ ಭಾರತದ ಪೌರರಾಗಬಹುದು. ಒಸಿಐ ನೋಂದಣಿಯಾಗಿ 5 ವರ್ಷ ತುಂಬಿರಬೇಕು, ಅರ್ಜಿಗೆ ಮೊದಲು 12 ತಿಂಗಳು ಇಲ್ಲಿ ವಾಸವಿರಬೇಕು. ಅರ್ಜಿ ಆನ್‌ಲೈನಿನಲ್ಲಿ, ವಿಚಾರಣೆ ಜಿಲ್ಲಾಧಿಕಾರಿಯ ಮೂಲಕ. ವಿದೇಶಿ ಪೌರತ್ವ ಬಿಡುವ ಕಾಗದ ಕೊನೆಯ ಹಂತದಲ್ಲಿ ಬೇಕಾಗುತ್ತದೆ. ಭಾರತದಿಂದ ಒಪ್ಪಿಗೆಯ ಪತ್ರ ಬರುವ ಮುನ್ನ ಅದನ್ನು ಬಿಟ್ಟುಕೊಡಬೇಡಿ, ಎರಡೂ ಕಡೆಯ ಪೌರತ್ವ ಇಲ್ಲದೆ ನಡುವೆ ನಿಲ್ಲಬೇಕಾಗುತ್ತದೆ. ಆ 12 ತಿಂಗಳ ವಾಸಕ್ಕೆ ಬ್ಯಾಂಕ್ ವಿವರ, ಕರೆಂಟ್ ಬಿಲ್, ಪಾಸ್‌ಪೋರ್ಟಿನ ಮುದ್ರೆಗಳನ್ನು ತಿಂಗಳುವಾರು ಜೋಡಿಸಿ ಒಂದು ಫೈಲಿನಲ್ಲಿ ಇಟ್ಟುಕೊಂಡಿರಿ.